ಖಂಡೆ ಪೂಜೆಯ ದಿನ ಕದ್ದ ಗಂಟಲು

ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಫಕ್ಕೀರಪ್ಪನ ದನಿ ಎಂಥದೆಂದು ಮೊದಲು ತಿಳಿದುಕೊಳ್ಳಿ. ಅದು ಗೊತ್ತಿಲ್ಲದಿದ್ದರೆ ಅವನ ಹೆಂಡತಿ ದ್ಯಾಮವ್ವನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಅವನು ಇಲ್ಲಿ ಮೈಕು ಹಿಡಿದು 'ಗದಗ' ಅಂದರೆ ಅಲ್ಲಿ ಗದಗಿನಲ್ಲಿ ಚಹಾ ಕುಡಿಯುತ್ತ ಕೂತ ಡ್ರೈವರು ಬಸಿ ಕೆಳಗಿಟ್ಟು ಗಾಡಿ ಚಾಲೂ ಮಾಡುತ್ತಿದ್ದ. 'ಮುಂದಕ್ಕ ಸರೀರಿ' ಅಂದರೆ ಪ್ರಯಾಣಿಕರ ಜೊತೆಗೆ ಕಂಬಗಳೂ ಒಂದು ಗೇಣು ಸರಿಯುತ್ತಿದ್ದವು. ನಂಬದವರು ಹೋಗಿ ನೋಡಲಿ, ಅಲ್ಲಿಯ ಒಂದು ಕಂಬ ಇವತ್ತಿಗೂ ಸೊಟ್ಟಗಿದೆ.

ಕಂಟ್ರೋಲರುಗಳಿಗೆ ಒಂದು ರೂಢಿ. ಏನೇ ಹೇಳಲಿ, ಎರಡು ಸಲ ಹೇಳಬೇಕು. ಮೊದಲ ಸಲ ಎಚ್ಚರ ಇದ್ದವರಿಗೆ, ಎರಡನೆಯದು ತೂಕಡಿಸುವವರಿಗೆ. ಫಕ್ಕೀರಪ್ಪ ಇದನ್ನು ಮನೆಯಲ್ಲೂ ಬಿಟ್ಟವನಲ್ಲ. "ದ್ಯಾಮವ್ವಾ, ಚಹಾ ತಾ. ಮತ್ತೊಮ್ಮೆ ಹೇಳ್ತೀನಿ, ದ್ಯಾಮವ್ವಾ, ಚಹಾ ತಾ." ಮದುವೆಯಾದ ಹೊಸತರಲ್ಲಿ ಅವಳು ಎರಡು ಕಪ್ಪು ತಂದಿಟ್ಟಿದ್ದಳು.

ಇಂಥ ಗಂಟಲಿಗೆ ಹುಣ್ಣಾಯಿತು. ದೊಡ್ಡಾಸ್ಪತ್ರೆಯವರು ಹುಣ್ಣಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದು, ಕೊರಳಲ್ಲಿ ಉಸಿರಾಡಲು ಒಂದು ತೂತು ಬಿಟ್ಟು ಮನೆಗೆ ಕಳಿಸಿದರು. ಬಾಯಿ ತೆರೆದರೆ ಗಾಳಿ, ಅಷ್ಟೆ. ಫಕ್ಕೀರಪ್ಪ ಒಂದು ಸ್ಟೀಲಿನ ತಾಟು, ಒಂದು ಚಮಚ ಹಿಡಿದುಕೊಂಡು ಕೂತ. ಚಹಾ ಬೇಕಾದರೆ ಬಡಿಯುತ್ತಿದ್ದ, ಬೇಡವಾದರೂ ಬಡಿಯುತ್ತಿದ್ದ. ಬಡಿದದ್ದೂ ಎರಡೆರಡು ಸಲ.

ದ್ಯಾಮವ್ವ ಹೊಲಿಗೆ ಕ್ಲಾಸಿನ ಅಕ್ಕೋರು. ಅರ್ಧ ಹುಬ್ಬಳ್ಳಿಯ ರವಿಕೆ-ಜಂಪರು ಅವಳ ಕೈಯಲ್ಲೋ ಅವಳ ಶಿಷ್ಯೆಯರ ಕೈಯಲ್ಲೋ ಆದದ್ದು. ಇನ್ನರ್ಧ ಮೈಗೆ ಸರಿಯಾಗಿ ಕೂರುವುದೇ ಇಲ್ಲ ಎಂದು ಅವಳೇ ಹೇಳುತ್ತಿದ್ದಳು. ಆ ಕಾಲಕ್ಕೆ ಆ್ಯಪು ಕಟ್ಟುವುದು ಎಂಜಿನಿಯರುಗಳ ಕೆಲಸವಾಗಿ ಉಳಿದಿರಲಿಲ್ಲ. 'ಜೋಡಣೆ' ಎಂಬ ಉಪಕರಣ ಬಂದಿತ್ತು. ಫೋನಿನ ಪರದೆಯ ಮೇಲೆ ಬಣ್ಣಬಣ್ಣದ ತುಂಡುಗಳು, ಒಂದಕ್ಕೊಂದು ಕೂಡಿಸಿದರೆ ಆ್ಯಪು. ಮುಂಭಾಗ, ಹಿಂಭಾಗ, ತೋಳು, ಕಾಲರು ಕೂಡಿಸಿದರೆ ಅಂಗಿಯಾಗುವ ಹಾಗೆ. ದ್ಯಾಮವ್ವ ಒಮ್ಮೆ ನೋಡಿ, "ಇಷ್ಟಕ್ಕ ಕಾಲೇಜು ಬೇಕಾ?" ಅಂದಳು.

ಅವಳು ಕಟ್ಟಿದ್ದು 'ಗಂಟಲು'. ಕೊರಳ ಸುತ್ತ ಒಂದು ತೆಳ್ಳನೆ ಪಟ್ಟಿ. ಮಾತಾಡಲು ಹೊರಟಾಗ ಅಲ್ಲಿಯ ನರಗಳು ಮಿಡಿಯುವುದನ್ನು ಅದು ಹಿಡಿದು ಫೋನಿಗೆ ಕಳಿಸುತ್ತದೆ. ಯಾವ ಮಿಡಿತ ಯಾವ ಶಬ್ದ ಎಂದು ಆ್ಯಪು ಕಲಿಯಬೇಕು. ಕಲಿಸಿದವಳು ದ್ಯಾಮವ್ವ. ಬಸ್‌ಸ್ಟ್ಯಾಂಡಿನವರ ಹತ್ತಿರ ಇದ್ದ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ತಂದು ಅದಕ್ಕೆ ಕೇಳಿಸಿದಳು. ಗಂಡನ ಎದುರು ಕೂತು, "ಈಗ ಏನಂದ್ರಿ? ಬದನಿಕಾಯಿ ಅಂದ್ರೋ, ಬಾದಾಮಿ ಅಂದ್ರೋ?" ಎಂದು ಕೇಳಿ ಕೇಳಿ ತಿದ್ದಿದಳು. ಎಷ್ಟು ಕೂತಳೆಂದರೆ ಆ ಜಾಗದ ಫರಸಿಕಲ್ಲು ಸವೆದು ಹೊಂಡ ಬಿದ್ದಿದೆ. ಒಂದು ಬೆಳಿಗ್ಗೆ ಫೋನಿನೊಳಗಿಂದ, "ದ್ಯಾಮವ್ವಾ, ಚಹಾ ತಾ. ಮತ್ತೊಮ್ಮೆ ಹೇಳ್ತೀನಿ" ಎಂದು ಅದೇ ದನಿ, ಅದೇ ಗತ್ತು ಬಂತು. ಅವಳು ಆ ದಿನ ಎರಡು ಕಪ್ಪು ತಂದಿಟ್ಟು, ಒಳಗೆ ಹೋಗಿ ಅತ್ತಳು.

ಆಮೇಲೆ ನವಲಗುಂದ, ಕುಂದಗೋಳ, ಅಣ್ಣಿಗೇರಿಯಿಂದ ಗಂಟಲು ಕಳಕೊಂಡವರು ಬಂದರು. ಎಲ್ಲರಿಗೂ ಪುಕ್ಕಟೆ ಕೊಟ್ಟಳು.

ಈಗ ಕಂಪನಿಯ ಕಥೆ. ಜೋಡಣೆಯನ್ನು 'ಅಕ್ಷಯ ಹಗೇವು' ಎಂಬ ಕಂಪನಿ ಕೊಂಡಿತು. ಹಗೇವು ಅಂದರೆ ಹಿಂದೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಗುಂಡಿ. ಹೆಸರಿಗೆ ತಕ್ಕ ಹಾಗೆ ಇವರೂ ಊರಾಚೆ ನೆಲದಡಿ ಒಂದು ತಣ್ಣನೆ ಕೋಣೆ ಕಟ್ಟಿ, ಎಲ್ಲರ ಆ್ಯಪುಗಳನ್ನೂ ಅಲ್ಲಿ ತುಂಬಿಕೊಂಡರು. 'ನಿಮ್ಮ ಫೋನು ಬಾವಿಗೆ ಬಿದ್ದರೂ ಆ್ಯಪು ನಮ್ಮ ಹಗೇವಿನಲ್ಲಿ ಭದ್ರ' ಎಂದರು. ಅದಕ್ಕೆ ಪ್ರತಿಯಾಗಿ ಪ್ರತಿ ಆ್ಯಪಿನೊಳಗೂ ಒಂದು ಹಾಜರಿ ತುಂಡು ಹೊಲಿದರು. ದಿನಾ ಮುಂಜಾನೆ ಆ್ಯಪು ಹಗೇವಿಗೆ ಹಾಜರಿ ಹೇಳಬೇಕು; ಅಲ್ಲಿಂದ 'ಹೂಂ' ಬಂದರೆ ಮಾತ್ರ ಏಳಬೇಕು.

ಕಂಪನಿಯ ಕೈಗೆ ಸಿಗದೇ ಉಳಿದದ್ದು ಒಂದೇ. ಮುದ್ರೆ. ಮೊದಲು ಆ್ಯಪು ಕಟ್ಟಿದ ಫೋನಿನಲ್ಲಿ ಹುಟ್ಟುವ, ಬೇರೆಲ್ಲೂ ಹುಟ್ಟದ ಒಂದು ಗುರುತು. ಆ ಮುದ್ರೆ ಬಿದ್ದ ಆ್ಯಪನ್ನೇ ಊರಿನ ಫೋನುಗಳೂ ಸಾರ್ವಜನಿಕ ಯಂತ್ರಗಳೂ ಒಳಗೆ ಬಿಟ್ಟುಕೊಳ್ಳುತ್ತವೆ. ಮುದ್ರೆ ಇಲ್ಲದ ನಕಲು ಬಂದರೆ ಎರಡು ಮಾತಾಡಿಸಿ ಬಾಗಿಲಲ್ಲೇ ನಿಲ್ಲಿಸುತ್ತವೆ. ದ್ಯಾಮವ್ವನ ಮುದ್ರೆ ಅವಳ ಹಳೆಯ ಫೋನಿನಲ್ಲಿತ್ತು. ಗಾಜು ಒಡೆದ, ಮೂಲೆ ಸವೆದ ಆ ಫೋನು ಹೊಲಿಗೆ ಯಂತ್ರದ ಡ್ರಾವರಿನಲ್ಲಿ ಕತ್ತರಿಯ ಜೊತೆ ಮಲಗಿರುತ್ತಿತ್ತು. ಹಗೇವು ಹುಟ್ಟುವ ಮುಂಚಿನ ಹಳೆ ಜೋಡಣೆಯೂ, ಇಡೀ ಆ್ಯಪಿನ ಪ್ರತಿಯನ್ನು ಕಟ್ಟಿಟ್ಟ ಒಂದು ಗಂಟೂ ಅದರಲ್ಲಿದ್ದವು. ಕಂಪನಿಯವರು 'ಹಳೆಯ ಗಂಟುಗಳನ್ನು ಅಳಿಸಿಬಿಡಿ, ನಮ್ಮಲ್ಲಿ ಭದ್ರವಿದೆ' ಅಂದಾಗ ದ್ಯಾಮವ್ವ ಅಳಿಸಿರಲಿಲ್ಲ. ಹೊಲಿದು ಮುಗಿದ ಮೇಲೂ ಅಳತೆಯ ಕಾಗದದ ಕಟಿಂಗು ಹರಿದು ಒಗೆಯುವ ಟೇಲರನ್ನು ನೀವು ನೋಡಿದ್ದೀರಾ?

ಖಂಡೆ ಪೂಜೆ ಬಂತು. ಆಯುಧ ಪೂಜೆಗೆ ನಮ್ಮ ಕಡೆಯ ಹೆಸರು ಅದು. ಆ ದಿನ ಹುಬ್ಬಳ್ಳಿಯಲ್ಲಿ ಕಬ್ಬಿಣಕ್ಕೂ ರಜೆ. ಗ್ಯಾರೇಜಿನ ಪಾನಾಗಳು, ಕಟಿಂಗ್ ಅಂಗಡಿಯ ಕತ್ತರಿಗಳು, ಗಿರಣಿ, ರಿಕ್ಷಾ, ಎಲ್ಲ ತೊಳೆಸಿಕೊಂಡು, ಎಣ್ಣೆ ಕುಡಿದು, ಕುಂಕುಮ ಹಚ್ಚಿಕೊಂಡು, ಚೆಂಡು ಹೂವಿನೊಳಗೆ ಮಲಗುತ್ತವೆ. ಮರುದಿನ ಬನ್ನಿಯ ಹಬ್ಬದ ಬೆಳಿಗ್ಗೆಯ ತನಕ ಯಾರೂ ಮುಟ್ಟುವ ಹಾಗಿಲ್ಲ. ಉಪವಾಸ ಮಲಗಿಸಬಾರದೆಂದು ದ್ಯಾಮವ್ವ ಎಲ್ಲ ಫೋನಿಗೂ ಹೊಟ್ಟೆ ತುಂಬ ಚಾರ್ಜು ಕೊಟ್ಟು, ಬಂದ್ ಮಾಡಿ, ಹೊಲಿಗೆ ಯಂತ್ರದ ಮುಂದೆ ಸಾಲಾಗಿ ಇಟ್ಟಳು. ತನ್ನದು, ಗಂಡನದು, ಆ ಹಳೆಯದು.

ಗಂಡನ ಫೋನು ಬಂದ್ ಮಾಡುವಾಗ ಅವಳ ಕೈ ತಡೆಯಿತು. "ರೀ, ನಿಮ್ಮದು ಬ್ಯಾಡ. ಇಡೀ ದಿನ ಮೂಕ ಆಗಿ ಕುಂಡರತೀರೇನು?"

ಫಕ್ಕೀರಪ್ಪ ಫೋನಿನಲ್ಲೇ ಗುಡುಗಿದ: "ಗರಗಸಕ್ಕ ರಜಾ ಐತಿ, ಗಂಟಲಿಗೆ ಇಲ್ಲೇನು? ಇದು ನನ್ನ ಆಯುಧ. ಮತ್ತೊಮ್ಮೆ ಹೇಳ್ತೀನಿ, ಇದು ನನ್ನ ಆಯುಧ. ಕುಂಕುಮ ಹಚ್ಚು."

ಕುಂಕುಮ ಹಚ್ಚಿದಳು. ಅವನು ಇಡೀ ದಿನ ತಾಟು ಬಡಿದ, ಹೋಳಿಗೆ ತಿಂದ, ಮಲಗಿದ.

ಬನ್ನಿಯ ದಿನ ಬೆಳಿಗ್ಗೆ ಮಂಗಳಾರತಿ ಮಾಡಿ ಫೋನುಗಳನ್ನು ಎಬ್ಬಿಸಿದರು. ಹಳೆಯದನ್ನು ಎಬ್ಬಿಸುವ ಕೆಲಸ ಇರಲಿಲ್ಲ, ಅದು ಹೂವಿನೊಳಗೇ ಉಳಿಯಿತು. ಫಕ್ಕೀರಪ್ಪ ಪಟ್ಟಿ ಕಟ್ಟಿಕೊಂಡು, ಎದೆ ಉಬ್ಬಿಸಿ, ಬಾಯಿ ತೆರೆದ.

ಏನೂ ಬರಲಿಲ್ಲ.

ಫೋನಿನ ಮೇಲೆ ಎರಡು ಸಾಲು ಮೂಡಿದವು. ನಿನ್ನೆಯ ಸಂದೇಶ ಮೊದಲು: 'ಇಂದು ಸೂರ್ಯಾಸ್ತದೊಳಗೆ "ನನ್ನದು" ಎಂಬ ಗುಂಡಿ ಒತ್ತದ ಆ್ಯಪುಗಳನ್ನು ವಾರಸುದಾರರಿಲ್ಲದವೆಂದು ತಿಳಿದು ಕಂಪನಿಯ ಹೆಸರಿಗೆ ವರ್ಗಾಯಿಸಲಾಗುವುದು.' ಅದರ ಕೆಳಗೆ ಇವತ್ತಿನದು: 'ವರ್ಗಾವಣೆ ಮುಗಿದಿದೆ. ಹಬ್ಬದ ಶುಭಾಶಯಗಳು.'

ದ್ಯಾಮವ್ವ ಮೂರು ಸಲ ಓದಿದಳು. ಮೂರನೇ ಸಲ ಒಲೆಯ ಮೇಲಿನ ಹಾಲು ಉಕ್ಕಿತು. ಒಲೆ ಹಚ್ಚಿರಲಿಲ್ಲ ಎಂದು ಓಣಿಯವರು ಈಗಲೂ ಆಣೆ ಮಾಡಿ ಹೇಳುತ್ತಾರೆ.

"ಖಂಡೆ ಪೂಜಿ ದಿನಾ!" ಅವಳು ಕೂಗಿದಳು. "ವರ್ಷದಾಗ ಎಷ್ಟು ದಿನ ಅದಾವ! ಇಡೀ ಊರು ಕೈ ಕಟಗೊಂಡು ಕುಂತಿರೋ ದಿನಾ ನೋಡಿ ಕೇಳ್ಯಾರ, ಯಾರದಿದು ಅಂತ! ಮನಿ ಮಂದಿ ದೇವರ ಮುಂದ ಕಣ್ಣು ಮುಚ್ಚಿದಾಗ ಕಳ್ಳ ಒಳಗ ಬಂದಂಗ!"

ಫಕ್ಕೀರಪ್ಪ ತಾಟು ಕೈಗೆತ್ತಿಕೊಂಡ. ಬಡಿಯಲಿಲ್ಲ. ಸುಮ್ಮನೆ ಹಿಡಿದುಕೊಂಡು ಕೂತ. ಅವಳಿಗೆ ಅದನ್ನು ನೋಡಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ರಿಕ್ಷಾ ಹತ್ತಿದಳು.

ಹಗೇವಿನ ಕಂಟ್ರೋಲ್ ರೂಮು ಎಷ್ಟು ತಣ್ಣಗಿತ್ತೆಂದರೆ ಒಳಗೆ ಹೋದವರು ಹೇಳಿದ ಮಾತು ಹೆಪ್ಪುಗಟ್ಟಿ, ಹೊರಗೆ ಬಂದಮೇಲೆ ಕೇಳಿಸುತ್ತಿತ್ತು. ಗಾಜಿನ ಆಚೆ ಕಪ್ಪು ಪೆಟ್ಟಿಗೆಗಳ ಸಾಲು, ಮಿಣಿಮಿಣಿ ಹಸಿರು ದೀಪ. ಒಂದೊಂದು ದೀಪವೂ ಯಾರದೋ ಮನೆಯ ಆ್ಯಪು. ದ್ಯಾಮವ್ವ ಬಾಗಿಲು ದೂಡಿದಳು. ದೂಡಿದ ತಕ್ಷಣ ಮೇಲಿನ ಸ್ಪೀಕರಿನಿಂದ ದನಿ ಬಂತು:

"ಅಕ್ಷಯ ಹಗೇವಿಗೆ ಸ್ವಾಗತ. ದಯವಿಟ್ಟು ಚಪ್ಪಲಿ ಹೊರಗೆ ಬಿಡಿ."

ಅದು ಫಕ್ಕೀರಪ್ಪನ ದನಿ. ಅದೇ ಗತ್ತು, ಕೊನೆಯಕ್ಷರ ಎಳೆಯುವ ಅದೇ ಚಾಳಿ. ಮನೆಯಲ್ಲಿ ತಾಟು ಹಿಡಿದು ಮೂಕನಾಗಿ ಕೂತವನ ದನಿ ಇಲ್ಲಿ ಬಾಗಿಲು ಕಾಯುತ್ತಿತ್ತು, ಕಂಡವರ ಚಪ್ಪಲಿ ಬಿಡಿಸುತ್ತಿತ್ತು. ದ್ಯಾಮವ್ವ ಚಪ್ಪಲಿ ಬಿಟ್ಟಳು. ಬಿಟ್ಟು ಕೈಯಲ್ಲಿ ಹಿಡಿದುಕೊಂಡಳು.

ಮ್ಯಾನೇಜರು ಪ್ರಣವ ಹಂಚಿನಾಳ ಎದ್ದು ನಿಂತು ಕೈ ಮುಗಿದ. ನಗೆ ಎಂಥದೆಂದರೆ ಬೆಣ್ಣೆ ಅದನ್ನು ನೋಡಿ ನಾಚಬೇಕು. "ಬರ್ರಿ ತಾಯಾರ, ಕುಂದರ್ರಿ. ಹಬ್ಬದ ದಿನ..."

"ಹಬ್ಬದ ಮಾತು ಆಮೇಲೆ. ಆ ದನಿ ಯಾರದು?"

"ಕಂಪನೀದು."

"ಕಂಪನಿಗೆ ಗಂಟಲು ಎಲ್ಲೈತಿ?"

ಹಂಚಿನಾಳ ಕೆಮ್ಮಿದ. "ನೋಡ್ರಿ ತಾಯಾರ, ನಿಯಮ ನಾವು ಮಾಡಿದ್ದಲ್ಲ, ಮ್ಯಾಲಿಂದ ಬಂದದ್ದು. ಗುಂಡಿ ಒತ್ತಿದ್ರ ಆಗ್ತಿತ್ತು."

"ಪೂಜಿಗೆ ಕುಂತ ಆಯುಧ ಮುಟ್ಟತಾರೇನು? ನೀ ಯಾವ ಊರವನೋ?"

"ಹುಬ್ಬಳ್ಳಿಯವನಾ ರೀ."

"ಅಂದರ ಗೊತ್ತಿದ್ದಾ ಆ ದಿನ ಇಟ್ಟಿ!"

ಅವನ ನಗೆ ಒಂದು ಗಳಿಗೆ ಎಡವಿತು. ಮತ್ತೆ ಎದ್ದು ನಿಂತಿತು. "ಸಿಟ್ಟು ಬಿಡ್ರಿ. ನಿಮ್ಮ ಯಜಮಾನರ ದನಿ ಎಂಥಾ ಆಸ್ತಿ! ಇವತ್ತು ಸಂಜಿಗೆ ಬಸ್‌ಸ್ಟ್ಯಾಂಡಿನಾಗ ಅದನ್ನ ಉದ್ಘಾಟನಾ ಮಾಡಾಕತ್ತೀವಿ. ಇನ್ನ ಮ್ಯಾಲೆ ಎಲ್ಲಾ ಬಸ್ಸಿನ ಹೆಸರೂ ಅದಾ ದನಿ ಹೇಳತೈತಿ. ಮನಿ ಮನಿಗೂ ಹೋಗತೈತಿ. ನಿಮಗ ಹೆಮ್ಮಿ ಅಲ್ಲೇನು?"

"ಅವರಿಗೆ?"

"ಅವರಿಗೂ ವಾಪಸ್ ಕೊಡೂಣಂತ. ಒಂದು ಸಣ್ಣ ಕೆಲಸ. ನಿಮ್ಮದೊಂದು ಹಳೇ ಫೋನು ಐತೆಲ್ಲ, ಮೊದಲು ಆ್ಯಪ್ ಕಟ್ಟಿದ್ದು? ಅದನ್ನ ಮನ್ಯಾಗ ಒಮ್ಮೆ ಚಾಲೂ ಮಾಡ್ರಿ ಸಾಕು. ಎಲ್ಲಾ ತಾನಾ ಸರಿ ಹೋಗತೈತಿ."

ದ್ಯಾಮವ್ವನ ಸಿಟ್ಟಿನ ಮೇಲೆ ಆಸೆಯ ನೀರು ಬಿತ್ತು. ಒಂದು ಫೋನು ಚಾಲೂ ಮಾಡುವುದು, ಅಷ್ಟೇ ತಾನೆ? ಗಂಡ ಮಧ್ಯಾಹ್ನ ಊಟಕ್ಕೆ ಕರೆಯುತ್ತಾನೆ, ಎರಡು ಸಲ ಕರೆಯುತ್ತಾನೆ. "ಚಾಲೂ ಮಾಡಿದ್ರ ಬರತೈತಿ?"

"ನನ್ನಾಣೆ."

ಹೊರಗೆ ಬಂದು ರಿಕ್ಷಾದವನಿಗೆ ಕೈ ಮಾಡುವಾಗ ಹಿಂದಿನಿಂದ ಯಾರೋ ಓಡಿ ಬಂದು ರಟ್ಟೆ ಹಿಡಿದರು. ಜುಲೇಖಾ! ಇದೇ ಕಂಟ್ರೋಲ್ ರೂಮಿನಲ್ಲಿ ದೀಪ ಕಾಯುವವಳು. ಅದಕ್ಕೂ ಮೊದಲು ದ್ಯಾಮವ್ವನ ಕ್ಲಾಸಿನಲ್ಲಿ ಗುಂಡಿಗೆ ಕಾಜಾ ಹೊಲಿಯಲು ಕಲಿತು, ಕಲಿಯದೆ, ಬೈಸಿಕೊಂಡವಳು.

"ಅಕ್ಕೋರ, ಆ ಫೋನು ಚಾಲೂ ಮಾಡಬ್ಯಾಡ್ರಿ!"

"ನೀನೂ ಅವರ ಕಡೀನಾ?"

"ಅವರ ಕಡೆ ಇದ್ದಿದ್ರ ಓಡಿ ಬರ್ತಿದ್ನೇನ್ರಿ? ಕೇಳ್ರಿ ಇಲ್ಲೆ. ಅವರ ಹತ್ತಿರ ಆ್ಯಪ್ ಐತಿ, ದನಿ ಐತಿ, ಮುದ್ರಿ ಇಲ್ಲ. ಇದು ಅವರದಾ ಬಾಗಲಾ, ಇಲ್ಲಿ ಮುದ್ರಿ ಇಲ್ಲದಾನೂ ಕೂಗತೈತಿ. ಬಸ್‌ಸ್ಟ್ಯಾಂಡಿನ ಯಂತ್ರ ಬಿಟ್ಟುಗೊಳ್ಳಂಗಿಲ್ಲ. ನಿನ್ನೆ ಇಡೀ ದಿನ ನಿಮ್ಮ ಹಳೇ ಫೋನಿಗೆ ಹಗೇವಿನಿಂದ ಕರೆ ಕಳಿಸ್ಯಾರ, ಮುದ್ರಿ ಜಗ್ಗಾಕ. ನೀವು ಪೂಜಿಗೆ ಬಂದ್ ಮಾಡಿ ಇಟ್ಟಿದ್ರಿ. ಕಳಿಸಿದ ಕರೆ ಹಂಗಾ ಬಾಗಲದಾಗ ಕುಂತೈತಿ. ಚಾಲೂ ಮಾಡಿದ ಕೂಡ್ಲೆ ಮುದ್ರಿ ಹೋತು, ಫೋನೂ ಖಾಲಿ ಆತು!"

ದ್ಯಾಮವ್ವ ಲೆಕ್ಕ ಹಾಕಿದಳು. ಪೂಜೆಗೆ ಇಟ್ಟದ್ದಕ್ಕೆ ಆ್ಯಪು ಹೋಯಿತು. ಪೂಜೆಗೆ ಇಟ್ಟದ್ದಕ್ಕೇ ಮುದ್ರೆ ಉಳಿಯಿತು. ಈಗಷ್ಟೇ ಆ ಬೆಣ್ಣೆ ನಗೆಗೆ ಮರುಳಾಗಿ ಅದನ್ನೂ ತಾನೇ ಕೈಯಾರೆ ಕೊಡುತ್ತಿದ್ದಳು. ಸಿಟ್ಟು ಈ ಸಲ ಅವಳ ಮೇಲೇ ತಿರುಗಿ, ಅಲ್ಲಿ ಜಾಗ ಸಾಲದೆ ಮತ್ತೆ ಹಂಚಿನಾಳನ ಕಡೆಗೆ ಹೊರಟಿತು.

"ಚಪ್ಪಲಿ ಕೈಯಾಗ ಐತಿ. ಒಮ್ಮೆ ಒಳಗ ಹೋಗಿ ಬರ್ತೀನಿ."

"ಅಕ್ಕೋರ, ಚಪ್ಪಲೀಲೆ ದನಿ ಬರಂಗಿಲ್ಲ. ನಿಮ್ಮ ಮನ್ಯಾಗ ಕಬ್ಬಿಣದ ದೊಡ್ಡ ತಿಜೋರಿ ಐತೆಲ್ಲ, ಲಗ್ನದಾಗ ಕೊಟ್ಟದ್ದು?"

"ಐತಿ. ಸೀರಿ ಇಡೂದು. ಯಾಕ?"

"ಅದರಾಗ ಬಾಗಲಾ ಹಾಕ್ಕೊಂಡು ಕುಂತರ ಒಂದು ಅಲೆಯೂ ಒಳಗ ಬರಂಗಿಲ್ಲ. ಕರೆ ಮುಟ್ಟಂಗಿಲ್ಲ. ಎರಡೂ ಫೋನು ಒಳಗ ತಗೊಂಡು ಹೋಗ್ರಿ. ಹಳೇದರಾಗ ಹಳೇ ಜೋಡಣೆ ಐತಲ್ಲ, ಅದಕ್ಕ ಹಗೇವು ಬೇಕಾಗಿಲ್ಲ. ಗಂಟು ಬಿಚ್ಚಿ, ಹಾಜರಿ ತುಂಡು ಕಿತ್ತು, ಮುದ್ರಿ ಒತ್ತಿ, ಮಾಮಾರ ಫೋನಿಗೆ ಅಲ್ಲೇ ವರ್ಗಾ ಮಾಡ್ರಿ. ಕಲಿತದ್ದೆಲ್ಲಾ ಮಾಮಾರ ಫೋನಿನಾಗ ಮಲಗೇತಿ, ಮುದ್ರಿ ನೋಡಿ ಏಳತೈತಿ. ಆದ್ರ ನಡುವ ಬಾಗಲಾ ತೆರಿಬಾರದು. ಒಂದು ಬಟ್ಟಿನಷ್ಟು ತೆರೆದ್ರೂ ಕಥಿ ಮುಗೀತು."

"ಕಾಜಾ ಹೊಲಿಯಾಕ ಬರಂಗಿಲ್ಲ, ಇದೆಲ್ಲಾ ಬರತೈತಿ," ಅಂದಳು ದ್ಯಾಮವ್ವ. ಅವಳ ಬಾಯಿಂದ ಹೊಗಳಿಕೆ ಬರುವುದು ಹೀಗೆ.

ಆ ತಿಜೋರಿಯ ಬಗ್ಗೆ ಒಂದು ಮಾತು. ದ್ಯಾಮವ್ವನ ಲಗ್ನದಲ್ಲಿ ಅದನ್ನು ಹೊತ್ತು ತಂದ ಆಳುಗಳು ಎತ್ತರದಲ್ಲಿ ಒಂದೊಂದು ಗೇಣು ಕುಸಿದರು. ಅವರ ಮಕ್ಕಳೂ ಗಿಡ್ಡಗಿದ್ದಾರೆ. ಅದರೊಳಗಿನ ಸೀರೆಗಳನ್ನೆಲ್ಲ ಮಂಚದ ಮೇಲೆ ಗುಡ್ಡೆ ಹಾಕಿ, ನಡುವಿನ ಹಲಗೆ ಕಿತ್ತು, ದ್ಯಾಮವ್ವ ಮೊಣಕಾಲು ಮಡಚಿ ಒಳಗೆ ಕೂತಳು. ಗಂಡನಿಗೆ ಎಲ್ಲ ಬಿಡಿಸಿ ಹೇಳಿ, ಕೊನೆಗೆ ಅಂದಳು, "ಶಂಕರ ಪಾರ್ವತಿ ಬಂದು ನಿಂತರೂ ಬಾಗಲಾ ತೆಗಿಬ್ಯಾಡ್ರಿ. ನಾ ಒಳಗಿಂದ ಎರಡು ಸಲ ಬಡದ್ರ ಮಾತ್ರ ತೆಗೀರಿ."

ಫಕ್ಕೀರಪ್ಪ ತಾಟು ಎರಡು ಸಲ ಬಡಿದು ಒಪ್ಪಿದ. ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತ.

ಒಳಗೆ ಕಗ್ಗತ್ತಲೆ, ನುಸಿಗುಳಿಗೆಯ ಘಾಟು. ದ್ಯಾಮವ್ವ ಹಳೆಯ ಫೋನು ಚಾಲೂ ಮಾಡಿದಳು. ಒಡೆದ ಗಾಜಿನ ಮೇಲೆ ಕುಂಕುಮದ ಗುರುತು ಕೆಂಪಗೆ ಬೆಳಗಿತು. ತುದಿಯಲ್ಲಿ ಒಂದು ಸಣ್ಣ ಗೀಟು: ಸಂಪರ್ಕವಿಲ್ಲ. ಅಷ್ಟು ಚಂದದ ಗೀಟು ಅವಳು ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಗಂಟು ಬಿಚ್ಚಿದಳು. ತುಂಡುಗಳು ಪರದೆ ತುಂಬ ಹರಡಿದವು. ಕೊರಳ ಮಿಡಿತ ಹಿಡಿಯುವುದು, ಶಬ್ದ ಆಯುವುದು, ದನಿ ಹೊರಡಿಸುವುದು, ಎಲ್ಲ ಅವಳ ಕೈಯವೇ. ನಡುವೆ ಒಂದು ಬೂದು ತುಂಡು ಅವಳದಲ್ಲ: ಹಾಜರಿ. ಗಂಟು ಕೊನೆಯ ಸಲ ಕಟ್ಟುವ ಹೊತ್ತಿಗಾಗಲೇ ಕಂಪನಿಯವರು ಹೊಲಿದಿದ್ದು. ತಪ್ಪು ಹೊಲಿಗೆ ಬಿಚ್ಚುವ ಹಾಗೆ ಒಂದೊಂದೇ ಎಳೆ ಬಿಡಿಸತೊಡಗಿದಳು. ಜೋರಾಗಿ ಜಗ್ಗಿದರೆ ಪಕ್ಕದ ತುಂಡೂ ಹರಿಯುತ್ತದೆ.

ಆಗ ಹೊರಗೆ ದನಿ ಕೇಳಿತು.

"ನಮಸ್ಕಾರ್ರೀ ಯಜಮಾನರ! ಬನ್ನಿ ಕೊಡಾಕ ಬಂದೀನಿ. ತಾಯಾರ ಎಲ್ಲಿ?"

ಹಂಚಿನಾಳ! ಬನ್ನಿಯ ದಿನ ಎಲೆ ಹಿಡಿದು ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವ ಹಾಗಿಲ್ಲ, ವೈರಿಯಾದರೂ ಕರೆದು ಕೂರಿಸಬೇಕು. ಅವನಿಗೆ ಅದೂ ಗೊತ್ತಿತ್ತು. ಪೂಜೆ ತಿಳಿದವನಿಗೆ ಬನ್ನಿ ತಿಳಿಯದೇ?

ಫಕ್ಕೀರಪ್ಪ ತಾಟು ಬಡಿದ.

"ಕುಂದರ್ತೀನಿ, ಕುಂದರ್ತೀನಿ. ಆ ಹಳೇ ಫೋನು ಚಾಲೂ ಮಾಡ್ಯಾರೋ ಇಲ್ಲೋ ಕೇಳಾಕ ಬಂದೆ. ಸಂಜಿ ಆತು ನೋಡ್ರಿ. ಎಲ್ಲೈತದು? ನಾನಾ ಮಾಡಿ ಕೊಡ್ತೀನಿ."

ತಾಟು ಜೋರಾಗಿ ಬಡಿಯಿತು.

"ಸೀರಿ ಎಲ್ಲಾ ಹೊರಗ ಅದಾವ... ತಿಜೋರಿಯಾಗ ಐತೇನು? ಸ್ವಲ್ಪ ಸರೀರಿ ಯಜಮಾನರ."

ಬಾಗಿಲ ಹಿಡಿಕೆ ಕಿರುಗುಟ್ಟಿತು. ದ್ಯಾಮವ್ವನ ಬೆವರು ಕಣ್ಣಿಗೆ ಇಳಿಯಿತು. ಇನ್ನು ಎರಡು ಎಳೆ. ಕೂಗಿದರೆ ಅವನಿಗೆ ಗೊತ್ತಾಗುತ್ತದೆ. ಕೂಗದಿದ್ದರೆ ಬಾಗಿಲು ತೆರೆಯುತ್ತದೆ. ಹೊರಗೆ ಮೂಕ ಗಂಡ, ಒಳಗೆ ಬಾಯಿ ಕಟ್ಟಿಕೊಂಡ ಹೆಂಡತಿ. ಇಬ್ಬರಿಗೂ ಸೇರಿ ಒಂದು ಗಂಟಲೂ ಇರಲಿಲ್ಲ. ಅವಳು ಹಲ್ಲು ಕಚ್ಚಿ ಒಂದು ಎಳೆ ಬಿಡಿಸಿದಳು. ಹೊರಗೆ ತಾಟು ಬಡಿಯಿತು, ಆದರೆ ಈ ಸಲ ಚಮಚದ ಸದ್ದಲ್ಲ. ತಾಟು ಯಾವುದೋ ಗಟ್ಟಿ ವಸ್ತುವಿಗೆ ಬಡಿದ ಸದ್ದು.

"ಅಯ್ಯಯ್ಯೋ! ತಲಿ! ತಲೀರಿ!" ಎಂದ ಹಂಚಿನಾಳ.

ಮತ್ತೊಮ್ಮೆ ಅದೇ ಸದ್ದು. ಕಂಟ್ರೋಲರ್ ಅಲ್ಲವೇ, ಎರಡು ಸಲ.

ಕೊನೆಯ ಎಳೆ ಬಿಟ್ಟಿತು. ಬೂದು ತುಂಡು ಪರದೆಯ ಅಂಚಿಗೆ ಜಾರಿ ಬಿದ್ದು ಮಾಯವಾಯಿತು. ದ್ಯಾಮವ್ವ ಮುದ್ರೆ ಒತ್ತಿದಳು. ಎರಡು ಫೋನುಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ 'ವರ್ಗಾಯಿಸು' ಅಂದಳು. ಪರದೆಯ ಮೇಲೆ ವರ್ಗಾವಣೆಯ ಪಟ್ಟಿ ಹಸಿರಾಗುತ್ತ, ತೆವಳುತ್ತ, ನಿಂತು ನಿಂತು ನಡೆಯಿತು. ಆ ಹೊತ್ತಿನಲ್ಲಿ ಎರಡು ಯುಗ ಹುಟ್ಟಿ ಸತ್ತವು. ಪಟ್ಟಿ ತುಂಬಿತು. ಹಳೆಯ ಫೋನು ಬಂದ್ ಮಾಡಿ, ಕುಂಕುಮದ ಮೇಲೆ ಒಂದು ಸಲ ಕೈ ಸವರಿ, ಬಾಗಿಲು ಎರಡು ಸಲ ಬಡಿದಳು.

ಹೊರಬಂದು, ಹಳೆಯ ಫೋನು ಒಳಗೇ ಬಿಟ್ಟು ತಿಜೋರಿಗೆ ಕೀಲಿ ಹಾಕಿದವಳನ್ನು ನೋಡಿ ಹಂಚಿನಾಳ ತಲೆ ಹಿಡಿದುಕೊಂಡೇ ಹಿಂದೆ ಸರಿದ. ಕೂದಲ ತುಂಬ ನುಸಿಗುಳಿಗೆ, ಮೈಯೆಲ್ಲ ಬೆವರು, ಹಣೆಯ ಕುಂಕುಮ ಮೂಗಿನ ತನಕ ಇಳಿದಿತ್ತು. ಒಂಬತ್ತು ದಿನ ಪೂಜೆ ಮಾಡಿಸಿಕೊಂಡ ದೇವಿ ಗರ್ಭಗುಡಿ ಬಿಟ್ಟು ಎದ್ದು ಬಂದ ಹಾಗಿದ್ದಳು.

"ಬನ್ನಿ ಕೊಡಾಕ ಬಂದಿಯಲ್ಲಾ, ಕೊಡು," ಅಂದಳು.

ಅವನು ಎಲೆ ನೀಡಿದ. ಅವಳು ಇಸಿದುಕೊಂಡಳು. ತಾನೂ ಒಂದು ಎಲೆ ಕೊಟ್ಟಳು. "ಬಂಗಾರದಂಗ ಇರು. ಎಲಿ ಕೊಟ್ಟವರಿಗೆ ಎಲಿ ಕೊಡೂದು ನಮ್ಮ ಪದ್ಧತಿ. ಕೊಟ್ಟೆ. ಇನ್ನ ನಡಿ."

"ಆ ಫೋನು..."

"ಪಾಂಡವರು ಆಯುಧ ಬನ್ನಿ ಗಿಡದಾಗ ಬಚ್ಚಿಟ್ಟಿದ್ರು. ನಾ ತಿಜೋರಿಯಾಗ ಇಟ್ಟೀನಿ. ಕೀಲಿ ನನ್ನ ಸೊಂಟದಾಗ ಐತಿ. ಬಾ, ತಗೋ."

ಅವನು ಬರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸೂಜಿ ಬಿದ್ದರೆ ನೆಲ ಮುಟ್ಟಲು ಜಾಗವಿರಲಿಲ್ಲ. ಹಬ್ಬಕ್ಕೆ ಬಂದವರು, ಹೋಗುವವರು, ಕೈಯಲ್ಲಿ ಬನ್ನಿ ಎಲೆ. ಅದರ ನಡುವೆ ಬೇರೆ ಥರದ ಜನವೂ ಇಳಿಯುತ್ತಿದ್ದರು. ನವಲಗುಂದದ ಬಸ್ಸಿನಿಂದ ಒಬ್ಬ ಮಾಸ್ತರು, ಕುಂದಗೋಳದಿಂದ ಬಳೆ ಮಾರುವವಳು, ಅಣ್ಣಿಗೇರಿಯಿಂದ ಒಬ್ಬ ಮುದುಕ. ಎಲ್ಲರ ಕೊರಳಲ್ಲೂ ಪಟ್ಟಿ. ಎಲ್ಲರ ಬಾಯಲ್ಲೂ ಬರೀ ಗಾಳಿ. ಬೆಳಿಗ್ಗೆ ಎದ್ದು ನೋಡಿದರೆ ಮಾತು ಹೋಗಿತ್ತು. ದ್ಯಾಮವ್ವನ ಮನೆ ಹುಡುಕಿಕೊಂಡು ಬಂದಿದ್ದರು. ಬಳೆಯವಳು ದ್ಯಾಮವ್ವನನ್ನು ಕಂಡು ತುಟಿ ಅಲ್ಲಾಡಿಸಿದಳು, ಏನೂ ಕೇಳಿಸಲಿಲ್ಲ, ಕಣ್ಣಲ್ಲಿ ನೀರು ಬಂತು.

"ಅಳಬ್ಯಾಡವಾ. ಬನ್ನಿ ತಗೋ," ಅಂದಳು ದ್ಯಾಮವ್ವ. ಎಲೆ ಕೊಡುತ್ತ ಗಂಡನ ಫೋನನ್ನು ಅವಳ ಫೋನಿಗೆ ತಾಗಿಸಿದಳು. ಹಾಜರಿ ಇಲ್ಲದ, ಮುದ್ರೆ ಇದ್ದ ಗಂಟು ಅತ್ತ ಹೋಯಿತು.

"ಬಂಗಾರದಂಗ ಇರ್ರಿ ಅಕ್ಕಾರ," ಎಂದಿತು ಬಳೆಯವಳ ಫೋನು, ಬಳೆಯವಳದೇ ದನಿಯಲ್ಲಿ. ಮರುಗಳಿಗೆಯೇ ಸೇರಿಸಿತು, "ಆ ಕಂಪನಿಯವರ ಬಾಯಾಗ ಮಣ್ಣು ಬೀಳಲಿ!"

ಮಾಸ್ತರಿಗೆ ಒಂದು ಎಲೆ, ಮುದುಕನಿಗೆ ಒಂದು ಎಲೆ. ಜುಲೇಖಾ ಡ್ಯೂಟಿ ಬಿಟ್ಟು ಓಡಿ ಬಂದು, "ಅಕ್ಕೋರ, ಬರೀ ಇವರಿಗಲ್ಲ, ಎಲ್ಲಾರಿಗೂ ಕೊಡ್ರಿ. ಊರ ತುಂಬ ಗಂಟು ಇದ್ರ ನಾಳೆ ಯಾವ ಹಗೇವಿನವನೂ ವಾರಸುದಾರರಿಲ್ಲ ಅನ್ನಾಕ ಬರಂಗಿಲ್ಲ" ಅಂದಳು. ಎಲೆ ಪಡೆದವರು ಗಂಟನ್ನೂ ಪಡೆದರು, ಪಡೆದವರು ಮುಂದಿನವರಿಗೆ ಎಲೆಯ ಜೊತೆ ಗಂಟನ್ನೂ ಕೊಟ್ಟರು. ಧಾರವಾಡದ ಬಸ್ಸು ಹೊರಡುವಷ್ಟರಲ್ಲಿ ಡ್ರೈವರು, ಕಂಡಕ್ಟರು, ಹಿಂದಿನ ಸೀಟಿನಲ್ಲಿ ತೊಟ್ಟಿಲ ಕೂಸು, ಎಲ್ಲರ ಹತ್ತಿರವೂ ಗಂಟಲು ಇತ್ತು.

ಆಗ ವೇದಿಕೆಯ ಮೇಲೆ ಹಂಚಿನಾಳ ರಿಬ್ಬನ್ನು ಕತ್ತರಿಸಿದ. ತಲೆಗೆ ಪಟ್ಟಿ ಕಟ್ಟಿತ್ತು. ಮುದ್ರೆ ಇಲ್ಲದೆಯೂ ನಡೆದೀತು ಎಂದು ಯಾರೋ ಮೇಲಿನವರು ಹೇಳಿದ್ದಿರಬೇಕು. ಹೊಸ ಯಂತ್ರ ಗುರ್ ಅಂದಿತು. "ಪ್ರಯಾಣಿಕರ ಗಮನಕ್ಕೆ," ಎಂದು ಫಕ್ಕೀರಪ್ಪನ ದನಿ ಹೊರಟಿತು. "ಅಕ್ಷಯ ಹಗೇವಿನ ವತಿಯಿಂದ..." ಅಷ್ಟಕ್ಕೇ ಯಂತ್ರ ಮುದ್ರೆ ಕೇಳಿತು. ಸಿಗಲಿಲ್ಲ. ಕದ್ದ ದನಿ ಬಾಯಿ ತೆರೆದ ಹಾಗೇ ನಿಂತಿತು. ಇಡೀ ಬಸ್‌ಸ್ಟ್ಯಾಂಡು ಕತ್ತೆತ್ತಿ ಸ್ಪೀಕರಿನ ಕಡೆ ನೋಡಿತು.

ಹಳೆಯ ಕಂಟ್ರೋಲ್ ಕೋಣೆಯ ಬಾಗಿಲು ತೆರೆದೇ ಇತ್ತು. ಈಗಿನ ಕಂಟ್ರೋಲರು ಎದ್ದು ಕುರ್ಚಿ ಬಿಟ್ಟುಕೊಟ್ಟ. ಫಕ್ಕೀರಪ್ಪ ಕೂತ. ಕೊರಳ ಪಟ್ಟಿ ಸರಿಪಡಿಸಿಕೊಂಡ. ಫೋನನ್ನು ಮೈಕಿನ ಬಾಯಿಗೆ ಹಿಡಿದ. ದ್ಯಾಮವ್ವ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಅವನು ಒಂದು ಮಾತೂ ಆಡಿರಲಿಲ್ಲ. ತಿಜೋರಿಯಿಂದ ಹೊರಬಂದ ಮೇಲೂ ಆಡಿರಲಿಲ್ಲ. ಇದಕ್ಕೇ ಕೂಡಿಟ್ಟುಕೊಂಡಿದ್ದ.

"ಪ್ರಯಾಣಿಕರ ಗಮನಕ್ಕ," ಎಂದ. ಗದಗಿನಲ್ಲಿ ಡ್ರೈವರು ಬಸಿ ಕೆಳಗಿಟ್ಟ. "ಈಗ ನೀವು ಕೇಳಿದ ದನಿ ಕದ್ದದ್ದು. ಖಂಡೆ ಪೂಜಿ ದಿನ, ಮನಿ ಮಂದಿ ಕೈ ಮುಗುದು ನಿಂತಾಗ ಕದ್ದದ್ದು. ಈ ದನಿ ಕಟ್ಟಿದಾಕಿ ನನ್ನ ಹೆಂಡತಿ ದ್ಯಾಮವ್ವ. ಇದಕ್ಕ ವಾರಸುದಾರರು ಇದ್ದಾರ. ಕಂಪನಿ ಮಂದಿ ತಮ್ಮ ಕಾರು ಪ್ಲಾಟ್‌ಫಾರಂ ಮುಂದಿಂದ ತಗೀರಿ, ಗದಗ ಬಸ್ಸಿಗೆ ಅಡ್ಡ ಆಗೈತಿ."

ಮೈಕು ಕೆಳಗಿಡಲು ಹೋದ.

"ರೀ!" ದ್ಯಾಮವ್ವ ಬಾಗಿಲಿಂದಲೇ ಗದರಿದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇವತ್ತಿಗೂ ಇಳಿದಿಲ್ಲ. "ಒಮ್ಮೆ ಹೇಳಿ ಬಿಡ್ತೀರೇನು?"

ಫಕ್ಕೀರಪ್ಪ ಅವಳ ಕಡೆ ನೋಡಿದ. ಮೈಕನ್ನು ಮತ್ತೆ ಹತ್ತಿರ ಎಳೆದುಕೊಂಡು, ಎದೆ ತುಂಬ ಉಸಿರು ತೆಗೆದುಕೊಂಡ.

"ಮತ್ತೊಮ್ಮೆ ಹೇಳ್ತೀನಿ," ಎಂದ.